ಗೋವೆಯಿಂದ ಬಂದ ದಾರಿ

"ಗುರುಗಳೇ, ನಮ್ಮ ಹಿರಿಯರು ಗೋವೆಯಿಂದ ದೋಣಿಯಲ್ಲಿ ಬಂದರು ಎನ್ನುತ್ತಾರೆ ಕೆಲವರು, ನಡೆದು ಬಂದರು ಎನ್ನುತ್ತಾರೆ ಕೆಲವರು. ಒಂದನ್ನೇ ಬರೆದು ಅಚ್ಚು ಹಾಕಿಸಿದರೆ ಈ ಜಗಳ ಮುಗಿಯುವುದಿಲ್ಲವೇ?" ಊರಿನ ಚರಿತ್ರೆ ಬರೆಯಲು ಹೊರಟಿದ್ದ ಶಿಷ್ಯ ಗಾಸ್ಪರ್ ಕೇಳಿದ.

"ಮುಗಿಯುತ್ತದೆ ಮಾರಾಯ. ಹಾಗೆ ಮುಗಿಸಿದವನೊಬ್ಬನ ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಕಡಲ ಕರೆಯ ಒಂದೂರಿನಲ್ಲಿ ಗೋವೆ ಬಿಟ್ಟು ಬಂದವರ ಹತ್ತಾರು ಮನೆಗಳಿದ್ದವು. ತೆನೆಹಬ್ಬದ ದಿನ ಎಲ್ಲರೂ ಒಂದೆಡೆ ಸೇರುವರು. ಹೊಸ ಅಕ್ಕಿ ಬೆರೆಸಿದ ಹಾಲು ಕುಡಿಯುವ ಮೊದಲು ಪ್ರತಿ ಮನೆಯ ಹಿರಿಯರು ತಮ್ಮವರು ಬಂದ ಬಗೆಯನ್ನು ಹೇಳಬೇಕು. ಅದು ಅಲ್ಲಿಯ ಕಟ್ಟಳೆ. ಕೇಳಿದವರು ಸುಮ್ಮನಿರುತ್ತಾರೆಯೇ? "ನಿಮ್ಮಜ್ಜ ದೋಣಿ ಹತ್ತಿದನಂತೆ! ಹೊಳೆ ಕಂಡರೇ ನಡುಗುವ ವಂಶ ನಿಮ್ಮದು!" ಎಂದು ಒಬ್ಬರು ಎದ್ದರೆ ಇನ್ನೊಬ್ಬರು ತೊಡೆ ತಟ್ಟುವರು. ಹಾಲು ಬಾಯಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು.

ಅಲ್ಲಿ ಒಬ್ಬ ವರ್ತಕನಿದ್ದ. ಹಸಿವು ತಡೆಯದ ಮನುಷ್ಯ. ಒಂದು ವರ್ಷ ಅವನು ಎಲ್ಲರ ಕೈಕಾಲು ಹಿಡಿದು ಒಪ್ಪಿಸಿ, 'ದೋಣಿಯಲ್ಲಿ ಬಂದೆವು' ಎಂದು ಒಂದೇ ಪುಟ ಬರೆಸಿದ. ಹಬ್ಬದ ದಿನ ಅದನ್ನು ಓದಿದರು, ಹಾಲು ಕುಡಿದರು, ಉಂಡರು, ಎದ್ದು ಹೋದರು. ವರ್ತಕ ಹಿರಿಹಿರಿ ಹಿಗ್ಗಿದ.

ಅವನ ಮುದಿ ತಾಯಿ ಮಾತ್ರ, ದೋಣಿಯ ಕತೆ ಹೇಳಲು ವರ್ಷವಿಡೀ ಕಾಯುತ್ತಿದ್ದವಳು, ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುವರ್ಷ, "ನೀವೇ ಹೋಗಿ ಬನ್ನಿ. ಅಲ್ಲಿ ನನಗೇನು ಕೆಲಸ?" ಎಂದಳು. ತಾನು ಕಿತ್ತುಕೊಂಡದ್ದು ಏನೆಂದು ವರ್ತಕನಿಗೆ ಆಗ ತಿಳಿಯಿತು.

ಅವಳನ್ನು ಹೇಗೋ ಪುಸಲಾಯಿಸಿ ಕರೆತಂದ. ಎಲ್ಲರೆದುರು ಆ ಪುಟ ಹರಿದು, "ಇದು ಶುದ್ಧ ಸುಳ್ಳು! ನಮ್ಮ ಮನೆಯವರು ನಡೆದೇ ಬಂದದ್ದು!" ಎಂದು ಕೂಗಿದ.

"ಎಲಾ ಪೆದ್ದ!" ತಾಯಿ ದಡಕ್ಕನೆ ಎದ್ದಳು. "ನಿನ್ನ ಮುತ್ತಜ್ಜಿ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ದೋಣಿಗೆ ಹುಟ್ಟು ಹಾಕಿದವಳು. ಬಾಯಿ ಮುಚ್ಚಿ ಕೂತು ಕೇಳು!"

ಅಷ್ಟೇ ಸಾಕಾಯಿತು. ಎದುರುಮನೆಯ ಮುದುಕ ಎದ್ದ, ಅವನನ್ನು ಕೂರಿಸಲು ಅವನ ತಂಗಿ ಎದ್ದಳು, ನಗುವಿನ ಮೇಲೆ ನಗು. ಮಕ್ಕಳು ಅಜ್ಜಿಯನ್ನು ಮುತ್ತಿಕೊಂಡು, ಆಮೇಲೆ, ಆಮೇಲೆ ಎಂದು ಕಾಡಿದವು. ಹೊತ್ತು ಇಳಿದರೂ ಯಾರೂ ಹಾಲು ಮುಟ್ಟಲಿಲ್ಲ. ವರ್ತಕ ಖಾಲಿ ಹೊಟ್ಟೆಯಲ್ಲಿ ಕೂತು ತಾಯಿಯ ಮುಖವನ್ನೇ ನೋಡುತ್ತ ಸಂತೋಷಪಟ್ಟ.

ಗಾಸ್ಪರ್ ನಕ್ಕ. "ಹಾಗಾದರೆ ನಮ್ಮವರು ನಿಜವಾಗಿ ಹೇಗೆ ಬಂದರು, ಗುರುಗಳೇ?"

"ನನ್ನನ್ನು ಕೇಳುತ್ತೀಯಲ್ಲ, ಮನೆಯಲ್ಲಿರುವ ನಿನ್ನಜ್ಜಿಯನ್ನು ಒಮ್ಮೆಯಾದರೂ ಕೇಳಿದ್ದೀಯಾ?" ಎಂದರು ಗುರುಗಳು.

ಗಾಸ್ಪರ್ ಎದ್ದು ಮನೆಯ ದಾರಿ ಹಿಡಿದ.