ಶುಗರ್ ಎಂಬ ಪದ ಯಾರದು

“ಗುರುಗಳೇ, ಇಂಗ್ಲಿಷಿನ ‘ಶುಗರ್’ ನಮ್ಮ ‘ಶರ್ಕರಾ’ದಿಂದ ಹುಟ್ಟಿದ್ದಂತೆ. ಹಾಗಾದರೆ ಆ ಪದ ನಮ್ಮದೇ ಅಲ್ಲವೇ?”

ಶಿಷ್ಯ ವಿರೂಪಣ್ಣ ಇದನ್ನು ಓದಿದಾಗಿನಿಂದ ಚಡಪಡಿಸುತ್ತಿದ್ದ. ಊಟಕ್ಕೆ ಕೂತರೂ ಅದೇ ಮಾತು, ಪಾಠಕ್ಕೆ ಕೂತರೂ ಅದೇ ಮಾತು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಕಡಲತೀರದ ಒಂದು ಛತ್ರದಲ್ಲಿ ಒಬ್ಬ ಇಂಗ್ಲಿಷ್ ನಾವಿಕ ಮಲಗಿದ್ದ. ವಾಂತಿಭೇದಿಯಾಗಿ ಸೊರಗಿದ್ದ ಅವನನ್ನು ಹಡಗಿನವರು ಅಲ್ಲೇ ಬಿಟ್ಟು ಹೋಗಿದ್ದರು. ಛತ್ರದ ಮುದುಕಿ ಗಂಜಿ ಕೊಟ್ಟಳು, ನೀರು ಕೊಟ್ಟಳು. ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವನು ನೀರಿನ ತಂಬಿಗೆಯತ್ತ ಕೈ ತೋರಿಸಿ “ಶುಗರ್, ಶುಗರ್” ಎನ್ನುತ್ತಿದ್ದ. ಮುದುಕಿಗೆ ತಿಳಿಯಲಿಲ್ಲ. ಹಲವು ಭಾಷೆ ಬಲ್ಲ ಒಬ್ಬ ಪಂಡಿತನನ್ನು ಕರೆಸಿದಳು.

ಪಂಡಿತನಿಗೆ ಕೇಳಿದೊಡನೆ ಅರ್ಥವಾಯಿತು. ಆದರೆ ಅವನ ಮನಸ್ಸು ಅರ್ಥದ ಮೇಲೆ ನಿಲ್ಲಲಿಲ್ಲ. ಹೊರಗೆ ಜಗಲಿಗೆ ಬಂದು, ಅಲ್ಲಿ ತಂಗಿದ್ದ ಅರಬ್ ವರ್ತಕನಿಗೆ, “ಕೇಳಿದಿರಾ? ನಮ್ಮ ‘ಶರ್ಕರಾ’ ಇವನ ಬಾಯಲ್ಲಿ ಶುಗರ್ ಆಗಿದೆ” ಎಂದ. ವರ್ತಕ ಒಪ್ಪಲಿಲ್ಲ. “ಪಶ್ಚಿಮದವರು ಅದನ್ನು ಕಲಿತದ್ದು ನಮ್ಮ ‘ಸುಕ್ಕರ್’ನಿಂದ” ಎಂದ. ಪಕ್ಕದಲ್ಲಿದ್ದ ಪಾರಸಿಕನೊಬ್ಬ ತಮ್ಮ ‘ಶಕರ್’ ಇಲ್ಲದೆ ಸುಕ್ಕರ್ ಎಲ್ಲಿಂದ ಬಂತು ಎಂದು ಕೇಳಿದ. ಮಾತು ಏರಿತು. ಪಂಡಿತನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗ್ರಂಥ ತಂದು ತೋರಿಸುತ್ತೇನೆ ಎಂದು ಮನೆಯತ್ತ ಹೊರಟ.

ಮುದುಕಿ ಬಾಗಿಲಿಗೆ ಓಡಿಬಂದಳು. “ಸ್ವಾಮಿ, ಅವನಿಗೆ ಏನು ಬೇಕಂತೆ?”

“ತಾಳಮ್ಮ, ಬಂದು ಹೇಳುತ್ತೇನೆ.”

ಗ್ರಂಥ ಹುಡುಕುವಷ್ಟರಲ್ಲಿ ಹೊತ್ತು ಇಳಿಯಿತು. ಪಂಡಿತ ಬೆವರುತ್ತಾ ಹಿಂದಿರುಗಿದಾಗ ಮುದುಕಿ ಹೊಸ್ತಿಲಲ್ಲಿ ಕೂತಿದ್ದಳು.

“ಅವನು ಕೇಳಿದ್ದು ಸಕ್ಕರೆ, ಅಮ್ಮಾ” ಎಂದ ಪಂಡಿತ.

“ಸಕ್ಕರೆ ಒಳಗೇ ಇತ್ತಲ್ಲ ಸ್ವಾಮಿ” ಎಂದಳು ಮುದುಕಿ. “ಮಧ್ಯಾಹ್ನವೇ ಅವನ ಉಸಿರು ನಿಂತಿತು.”

ಗುರುಗಳು ಕತೆ ನಿಲ್ಲಿಸಿದರು. ವಿರೂಪಣ್ಣನಿಗೆ ಆಗಲೂ ಸಮಾಧಾನವಾಗಲಿಲ್ಲ.

“ಪಂಡಿತ ಮಾಡಿದ್ದು ತಪ್ಪು, ಗುರುಗಳೇ. ಆದರೆ ಹೇಳಿದ್ದು ಸುಳ್ಳಲ್ಲವಲ್ಲ? ಮೊದಲು ‘ಶರ್ಕರಾ’ ಎಂದರೆ ಕಲ್ಲಿನ ಹರಳು. ಸಕ್ಕರೆ ಎಂಬ ಅರ್ಥ ಆಮೇಲೆ ಬಂದದ್ದು, ಅದೂ ನಮ್ಮಲ್ಲೇ.”

ಗುರುಗಳು ಹೇಳಿದರು: “ಆ ನಾವಿಕನ ಬಾಯಿಗೆ ಬಿದ್ದದ್ದು ಆ ಮೊದಲ ಅರ್ಥವೇ ಅಲ್ಲವೇನಪ್ಪಾ.”