ಬರೀ ತೊಟ್ಟಿಲು ತೂಗಿದ ಚೆನ್ನಾಜಿ

ಬಾ, ಇಲ್ಲಿ ಮಲಕ್ಕೋ ನನ್ನ ಪಕ್ಕ. ಅಮ್ಮನ ಹತ್ರ ಬೇಡ ಮಗಾ, ಅವಳು ಈಗ ತಾನೆ ಕಣ್ಣು ಮುಚ್ಚಿದ್ದಾಳೆ. ನಿನ್ನ ತಮ್ಮ ತೊಟ್ಟಿಲಲ್ಲಿ ಇನ್ನೂ ಮುಲುಗ್ತಾ ಇದ್ದಾನೆ, ಹಗ್ಗ ನನ್ನ ಕಾಲಲ್ಲಿದೆ, ನಾನು ಎದ್ದು ನಿನ್ನ ಹಿಂದೆ ಓಡೋಕಾಗಲ್ಲ. ನಿಮ್ಮಪ್ಪ ನೋಡು, ಜಗಲಿ ಮೇಲೆ ಕಾಲು ಚಾಚ್ಕೊಂಡು ಮೊಬೈಲು ಒತ್ತುತಾ ಕೂತಿದ್ದಾನೆ, ಕೂರಲಿ. ನಿನಗೆ ಕತೆ ಹೇಳ್ತೀನಿ. ಹೂಂ ಅನ್ನೋದು ಮಾತ್ರ ಮೂಗಿನಲ್ಲೇ ಅನ್ನು, ಜೋರಾಗಿ ಅಂದ್ರೆ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಕೋಳಿಗಿಂತ ಮೊದ್ಲೇ ಹೆಂಗಸರು ಏಳ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಚೆನ್ನಾಜಿ ಅಂತ ಒಬ್ಬಳಿದ್ಲಂತೆ. ಇನ್ನೂ ಚಿಕ್ಕ ವಯಸ್ಸು, ಆಗಲೇ ಮೂರು ಮಕ್ಕಳು. ದೊಡ್ಡವಳು ಸಿದ್ದಿ, ಬಾಯಿ ಮುಚ್ಚಿದ್ರೆ ಕೇಳು, ಒಂದೇ ಸಮ ಮಾತು. ನಡುವಿನವನು ಬೈರ, ಅವನಿಗೆ ಅಮ್ಮನ ಸೆರಗು ಕೈಯಿಂದ ಜಾರಿದ್ರೆ ಪ್ರಾಣ ಹೋದಂಗೆ. ಮೂರನೇದು ತೊಟ್ಟಿಲ ಕೂಸು, ಅದಕ್ಕೆ ಹಗಲೇ ರಾತ್ರಿ, ರಾತ್ರಿಯೇ ಹಗಲು. ಗಂಡ ಮೂಡ್ಲಗಿರಿ ಒಳ್ಳೇ ಮನುಷ್ಯನೇ, ಕುಡಿತ ಇಲ್ಲ, ಬೈಗುಳ ಇಲ್ಲ, ಆದ್ರೆ ಉಂಡು ಕೈ ತೊಳೆದ ಅಂದ್ರೆ ಗೊರಕೆ. ಅತ್ತೆ ಗಿರಿಯಮ್ಮನೂ ಕೆಟ್ಟೋಳಲ್ಲ, ಆದ್ರೆ ಬಾಯಿ ತೆಗೆದ್ರೆ ಒಂದೇ ಪಲ್ಲವಿ, ನಾನು ಆರು ಹೆತ್ತೆ ಕಣಮ್ಮಿ, ಒಂದು ದಿನಾನೂ ಆಕಳಿಸ್ಲಿಲ್ಲ ಅನ್ನೋದು.

ಚೆನ್ನಾಜಿ ಪಾಡು ಏನು ಹೇಳ್ಲಿ ಮಗಾ. ಒಂದಕ್ಕೆ ಉಣ್ಣಿಸೋ ಹೊತ್ಗೆ ಇನ್ನೊಂದು ಒದ್ದೆ ಮಾಡ್ಕೊಳ್ಳೋದಂತೆ, ಅದನ್ನ ತೊಳೆಯೋ ಹೊತ್ಗೆ ಒಲೆ ಮೇಲೆ ಹಾಲು ಉಕ್ಕೋದಂತೆ, ಹಾಲು ಇಳಿಸೋಕೆ ಓಡಿದ್ರೆ ಸೆರಗು ಹಿಡಿದಿರೋ ಬೈರನೂ ಜೊತೆಗೆ ಎಳೆದಾಡ್ಕೊಂಡು ಬರೋನಂತೆ. ತಲೆ ಬಾಚಿ ಎಷ್ಟು ದಿನ ಆಯ್ತು ಅನ್ನೋದು ಅವಳಿಗೇ ಮರೆತುಹೋಗಿತ್ತು. ಒಂದ್ಸಲ ಸೌಟು ಹಿಡ್ಕೊಂಡು ಕೊಟ್ಟಿಗೆಗೆ ಹೋಗಿ, ಎಮ್ಮೆ ಮುಂದೆ ನಿಂತು, ನಾನಿಲ್ಲಿಗೆ ಯಾಕೆ ಬಂದೆ ಅಂತ ಎಮ್ಮೇನೇ ಕೇಳಿದ್ಲಂತೆ. ಎಮ್ಮೆ ಏನು ಹೇಳುತ್ತೆ ಪಾಪ.

ಅವಳಿಗೆ ಬೇಕಾಗಿದ್ದು ಚಿನ್ನ ಅಲ್ಲ, ಸೀರೆ ಅಲ್ಲ. ಒಂದು ನಿದ್ದೆ. ಯಾರೂ ಅಮ್ಮಾ ಅನ್ನದೇ ಇರೋ ಒಂದು ಇಡೀ ನಿದ್ದೆ. ಹಸಿವು ರುಚಿ ಕೇಳಲ್ಲ, ನಿದ್ದೆ ಹಾಸಿಗೆ ಕೇಳಲ್ಲ ಅಂತಾರಲ್ಲ, ಅವಳಿಗೆ ಹಾಸಿಗೇನೂ ಬೇಡವಾಗಿತ್ತು.

ಆಮೇಲೆ ಒಂದಿನ ಮಟಮಟ ಮಧ್ಯಾಹ್ನ, ಚೆನ್ನಾಜಿ ರಾಗಿ ಬೀಸೋಕೆ ಕೂತ್ಲಂತೆ. ಕೈಲಿ ಬೀಸೋಕಲ್ಲಿನ ಗೂಟ, ಕಾಲಿನ ಹೆಬ್ಬೆಟ್ಟಿಗೆ ತೊಟ್ಟಿಲ ಹಗ್ಗ. ಕೈ ಕಲ್ಲು ತಿರುಗಿಸುತ್ತೆ, ಕಾಲು ತೊಟ್ಟಿಲು ತೂಗುತ್ತೆ, ಕಣ್ಣು ತಾನೇ ತಾನಾಗಿ ಮುಚ್ಚಿಕೊಳ್ಳುತ್ತೆ. ಆ ಹೊತ್ತಲ್ಲಿ ಕೂಸು ಎದ್ದು ಕುಂಯ್ ಅಂತಂತೆ. ಸಿದ್ದಿ ಬಂದು ಮೆತ್ತಗೆ ಎತ್ಕೊಂಡು ಹಿತ್ತಿಲಿಗೆ ಹೋದ್ಲಂತೆ, ಬೈರನೂ ಎಂದಿಲ್ಲದೆ ಸೆರಗು ಬಿಟ್ಟು ಅವಳ ಹಿಂದೆ ಹೋದ್ನಂತೆ. ಚೆನ್ನಾಜಿಗೆ ಗೊತ್ತೇ ಆಗ್ಲಿಲ್ಲ. ಅವಳು ಬರೀ ತೊಟ್ಟಿಲನ್ನೇ ತೂಗ್ತಾ ಇದ್ಲು.

ಬರೀ ತೊಟ್ಟಿಲು ತೂಗಬಾರದು, ನಿನಗೂ ಎಷ್ಟು ಸಲ ಬೈದಿದ್ದೀನಿ. ತೂಗಿದ್ರೆ ಕರೆಯದೇ ಇರೋರು ಬಂದು ಮಲಗ್ತಾರಂತೆ.

ಆಗ ಬಂದವಳು ಯಾರು ಅಂತೀಯ? ನಿದ್ದೆಮ್ಮ! ಊರೂರು ಸುತ್ತಿ ಎಲ್ಲರನ್ನೂ ಮಲಗಿಸ್ತಾಳಲ್ಲ, ಆ ಮುದುಕಿ. ತಲೆ ಮೇಲೆ ಒಂದು ಮಂಕರಿ, ಮಂಕರಿ ತುಂಬ ಬೂರುಗದ ಹತ್ತಿ. ಒಬ್ಬೊಬ್ಬರ ರೆಪ್ಪೆ ಮೇಲೂ ಒಂದೊಂದು ಎಳೆ ಇಡ್ತಾ ಹೋಗ್ತಾಳಂತೆ, ಇಟ್ಟ ತಕ್ಷಣ ನಿದ್ದೆ. ಲೋಕ ಹುಟ್ಟಿದಾಗಿಂದ ಅದೇ ಕೆಲಸ. ಆದ್ರೆ ಅವಳ ರೆಪ್ಪೆ ಮೇಲೆ ಇಡೋರು ಯಾರು? ಯಾರೂ ಇಲ್ಲ. ಆ ದಾರೀಲಿ ಹೋಗ್ತಿದ್ದವಳಿಗೆ ಹಗ್ಗದ ಕಿರ್ರ್ ಕಿರ್ರ್ ಕೇಳಿಸ್ತು. ಬಗ್ಗಿ ನೋಡಿದ್ಲು, ತೊಟ್ಟಿಲು ತೂಗ್ತಿದೆ, ಒಳಗೆ ಯಾರೂ ಇಲ್ಲ. ಅಯ್ಯೋ, ನನಗೋಸ್ಕರವೇ ತೂಗ್ತಿದ್ದಾರೆ ಅಂದ್ಕೊಂಡ್ಲಂತೆ ಪಾಪ. ಮಂಕರಿ ಕೆಳಗಿಟ್ಲು, ಕಾಲು ಮಡಚ್ಕೊಂಡು ತೊಟ್ಟಿಲಲ್ಲಿ ಮಲಗೇಬಿಟ್ಲು.

ಅವಳು ಮಲಗಿದ್ದೇ ತಡ, ಚೆನ್ನಾಜಿ ಕಣ್ಣು ಪಕ್ಕನೆ ತೆರೆದುಕೊಳ್ತು. ನೋಡ್ತಾಳೆ, ಕೂಸಿನ ಜಾಗದಲ್ಲಿ ಬೊಚ್ಚುಬಾಯಿ ಮುದುಕಿ! ಕಿರುಚೋಕೆ ಬಾಯಿ ತೆಗೆದ್ಲು. ಅಷ್ಟರಲ್ಲಿ ಹಿತ್ತಿಲಲ್ಲಿ ಕೂಸು ನಕ್ಕಿದ್ದು ಕೇಳಿಸ್ತು, ಉಸಿರು ವಾಪಸ್ಸು ಬಂತಂತೆ.

ಆವತ್ತು ಇಡೀ ಊರಲ್ಲಿ ಯಾರಿಗೂ ನಿದ್ದೆ ಬರ್ಲಿಲ್ಲ. ನಿದ್ದೆಮ್ಮನೇ ಮಲಗಿದ್ರೆ ಇನ್ನು ಮಲಗಿಸೋರ್ಯಾರು? ದನ ಮಲಗ್ಲಿಲ್ಲ, ನಾಯಿ ಮಲಗ್ಲಿಲ್ಲ, ಕೋಳಿಗೆ ಹೊತ್ತೇ ಗೊತ್ತಾಗದೆ ಯಾವಾಗಂದ್ರೆ ಆವಾಗ ಕೂಗ್ತಂತೆ.

ಬೆಳಗಾಗೋದೇ ತಡ, ತೊಟ್ಟಿಲಲ್ಲಿ ಯಾರೋ ಮುದುಕಿ ಮಲಗಿದ್ದಾಳೆ ಅನ್ನೋ ಸುದ್ದಿ ಕೇಳಿ ಊರವರೆಲ್ಲ ಚೆನ್ನಾಜಿ ಮನೆ ಮುಂದೆ ಬಂದ್ರಂತೆ. ಮಂಕರೀಲಿದ್ದ ಹತ್ತಿ ನೋಡಿದ ಮೇಲೆ ನಿದ್ದೆಮ್ಮನ ಗುರುತು ಸಿಗದೇ ಇರುತ್ತಾ? ಬರೀ ತೊಟ್ಟಿಲು ತೂಗಿ ಊರಿಗೇ ಅಪಾಯ ತಂದಿಟ್ಲಲ್ಲ ಇವಳು ಅಂತ ಬಾಯಿಗೆ ಬಂದಂಗೆ ಅಂದ್ರಂತೆ. ಚೆನ್ನಾಜಿ ಕೂಸನ್ನ ಸೊಂಟಕ್ಕೆ ಏರಿಸ್ಕೊಂಡು ಒಳಗೆ ಹೋದ್ಲು. ಜಗಳ ಆಡೋಕೂ ತ್ರಾಣ ಬೇಕಲ್ಲ ಮಗಾ. ಮುದುಕಿ ಎದ್ರೆ ತನಗೂ ಒಂದು ಎಳೆ ಹತ್ತಿ ಸಿಗುತ್ತಲ್ಲ ಅಂತ ಅವಳಿಗೂ ಒಳಗೊಳಗೇ ಆಸೆ.

ಮೊದಲು ಊರಗೌಡ ತಮಟೆ ತರಿಸಿದ್ನಂತೆ. ತೊಟ್ಟಿಲ ಪಕ್ಕದಲ್ಲೇ ನಿಂತು ಡಂಗುಡಕ ಡಂಗುಡಕ ಅಂತ ಬಡಿಸಿದ್ದೇ ಬಡಿಸಿದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು, ನಿದ್ದೆಮ್ಮ ಮಗ್ಗುಲು ಬದಲಾಯಿಸಿದ್ಲು ಅಷ್ಟೇ. ಕೂಸು ಮಾತ್ರ ಬೆದರಿ ಸಾಯಂಕಾಲದವರೆಗೂ ಅತ್ತಿದ್ದು, ಅದನ್ನ ಹೊತ್ಕೊಂಡು ತಿರುಗಿದ್ದು ಗೌಡ ಅಲ್ಲ, ಚೆನ್ನಾಜಿ.

ಆಮೇಲೆ ಆ ರಾತ್ರಿ ಮೂಡ್ಲಗಿರಿಗೂ ನಿದ್ದೆ ಇಲ್ಲ, ಗೋಡೆಗೆ ಒರಗಿ ಕೂತಿದ್ದ. ಕೂತವನು ನೋಡ್ತಾನೆ, ಚೆನ್ನಾಜಿ ಕೂಸಿಗೆ ಹಾಲು ಕೊಟ್ಲು, ಕೆಳಗಿಟ್ಲು. ಬೈರ ಉಚ್ಚೆ ಅಂದ, ಕರ್ಕೊಂಡು ಹೋಗಿ ಬಂದ್ಲು. ಸಿದ್ದಿ ನೀರು ಅಂದ್ಲು, ಕೊಟ್ಲು. ಕೂಸಿಗೆ ಹೊಟ್ಟೆ ಹಿಡೀತು, ಬಜೆ ತೇದು ನೆಕ್ಕಿಸಿದ್ಲು. ಮತ್ತೆ ಹಾಲು, ಮತ್ತೆ ಒದ್ದೆ ಬಟ್ಟೆ, ಅಷ್ಟೊತ್ತಿಗೆ ಬೀಸೋ ಹೊತ್ತು. ಅವನು ಕಣ್ಣು ಅಗಲಿಸ್ಕೊಂಡು, ಮಕ್ಕಳಿಗೂ ನಿದ್ದೆ ಬರ್ತಿಲ್ಲ ಅಂತ ಇವತ್ತು ಇಷ್ಟು ಕಷ್ಟ ಅಲ್ವಾ ಅಂದ್ನಂತೆ. ಚೆನ್ನಾಜಿ, ಇಲ್ಲ, ದಿನಾ ಇಷ್ಟೇ ಅಂದ್ಲು. ಮತ್ತೆ ನಾನೆಲ್ಲಿರ್ತಿದ್ದೆ ಅಂದ. ಪಕ್ಕದಲ್ಲೇ ಅಂದ್ಲು. ಕೋಪದಿಂದ ಅಂದಿದ್ದಲ್ಲ, ಸುಸ್ತಿಂದ ಅಂದಿದ್ದು. ಅದೇ ಅವನಿಗೆ ಚುಚ್ಚಿದ್ದು.

ಎರಡನೇ ದಿನ ಮಂತ್ರವಾದಿ ಬಂದ. ಒಣಮೆಣಸಿನಕಾಯಿ ಕೆಂಡಕ್ಕೆ ಸುರಿದು ಹೊಗೆ ಹಾಕಿದ. ಊರವರೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಓಡಿದ್ರು, ಮಂತ್ರವಾದಿಗೇ ಕಣ್ಣು ಕಾಣ್ದೆ ಕಂಬಕ್ಕೆ ಹಣೆ ಬಡಿಸ್ಕೊಂಡ. ನಿದ್ದೆಮ್ಮ ಒಂದು ಸೀನು ಸೀನಿ, ಮುಸುಕು ಹಾಕ್ಕೊಂಡ್ಲಂತೆ. ಕುಂಭಕರ್ಣನೇ ಎಷ್ಟೋ ವಾಸಿ ಅಂದ್ರು ಜನ.

ಮೂರನೇ ದಿನ ಅತ್ತೆ ಗಿರಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದ್ಲು. ಗಂಡಸರಿಂದ ಆಗೋ ಕೆಲಸವಾ ಇದು, ಸರೀರಿ ಅಂತ ಬಾವಿಯಿಂದ ತಣ್ಣೀರು ಸೇದಿ, ಕೊಡಾನೇ ಎತ್ಕೊಂಡು ಬಂದ್ಲಂತೆ. ತೊಟ್ಟಿಲ ಮೇಲೆ ಇನ್ನೇನು ಸುರೀಬೇಕು, ಚೆನ್ನಾಜಿ ಹೋಗಿ ಕೊಡದ ಬಾಯಿಗೆ ಎರಡೂ ಕೈ ಅಡ್ಡ ಇಟ್ಲು.

ಬೇಡಿ ಅತ್ತೆ ಅಂದ್ಲಂತೆ. ಅವಳು ಎದ್ರೆ ನನಗೂ ನಿದ್ದೆ ಸಿಗುತ್ತೆ, ನನಗಿಂತ ಅದು ಬೇಕಾದೋರು ಈ ಊರಲ್ಲಿ ಯಾರೂ ಇಲ್ಲ. ಆದ್ರೆ ಮಲಗಿರೋರನ್ನ ಎಬ್ಬಿಸಿದ್ರೆ ಹೆಂಗಿರುತ್ತೆ ಅಂತ ನನಗೆ ಗೊತ್ತು. ದಿನಾ ನನ್ನನ್ನ ಎಬ್ಬಿಸ್ತಾರೆ. ಎಲ್ಲರನ್ನೂ ಮಲಗಿಸಿ ಮಲಗಿಸಿ ಸೋತು ಬಂದವಳು, ಒಂದು ನಿದ್ದೆ ಪೂರ್ತಿ ಮಾಡ್ಲಿ, ಅಲ್ಲೀವರೆಗೂ ನಾನು ತೂಗ್ತೀನಿ. ಹಂಗಂದು ಕೂತು, ಹಗ್ಗ ಮತ್ತೆ ಹೆಬ್ಬೆಟ್ಟಿಗೆ ಸಿಕ್ಕಿಸಿಕೊಂಡ್ಲಂತೆ. ಕಣ್ಣೆಲ್ಲ ಕೆಂಪು, ಕೆನ್ನೆ ಮೇಲೆ ನೀರು ಸುಮ್ಮನೆ ಇಳೀತಿದೆ, ಅಳ್ತಿದ್ದೀನಿ ಅನ್ನೋದೂ ಅವಳಿಗೆ ಗೊತ್ತಿಲ್ಲ.

ಗಿರಿಯಮ್ಮ ಕೊಡ ಕೆಳಗಿಟ್ಲು. ಆಮೇಲೆ ಸೊಸೆ ಪಕ್ಕ ಕೂತು, ನಾನೂ ಒಂದ್ಸಲ ಮುದ್ದೆ ತಿರುಗಿಸ್ತಾ ನಿದ್ದೆ ಹೋಗಿ ಒಲೆ ಮೇಲೆ ಬೀಳೋದ್ರಲ್ಲಿದ್ದೆ ಕಣಮ್ಮಿ, ಆರು ಹೆತ್ತೋಳು ಆಕಳಿಸದೇ ಇರ್ತಾಳಾ ಅಂದ್ಲಂತೆ. ನಮ್ಮತ್ತೆ ನನಗೆ ಹೇಳಿದ್ದ ಮಾತು ಅದು, ನಾನು ನಿನಗೆ ದಾಟಿಸಿಬಿಟ್ಟೆ ಅಂತ ಸೆರಗಲ್ಲಿ ಮೂಗು ಒರೆಸ್ಕೊಂಡ್ಲು.

ಅಷ್ಟೊತ್ತಿಗೆ ತೊಟ್ಟಿಲಲ್ಲಿ ಯಾರೋ ಮೈ ಮುರಿದ ಸದ್ದು. ನಿದ್ದೆಮ್ಮ ತಾನಾಗೇ ಎದ್ಲು! ಬೊಚ್ಚುಬಾಯಿ ತುಂಬ ನಗು. ಲೋಕಾನೆಲ್ಲ ಮಲಗಿಸ್ದೆ, ನನ್ನನ್ನ ತೂಗಿದವಳು ನೀನೊಬ್ಬಳೇ ತಾಯಿ, ಏನು ಬೇಕು ಕೇಳು ಅಂದ್ಲಂತೆ. ಊರವರೆಲ್ಲ ಕಿವಿ ನಿಮಿರಿಸಿ ನಿಂತ್ರು. ಹೊನ್ನು ಕೇಳು ಅಂದ ಒಬ್ಬ, ಹೊಲ ಕೇಳು ಅಂದ ಇನ್ನೊಬ್ಬ.

ಚೆನ್ನಾಜಿ, ನನಗೆ ಏನೂ ಬೇಡಮ್ಮ, ಒಂದೇ ಒಂದು, ಅಂದ್ಲು. ಅಂದವಳ ಮಾತು ಅಲ್ಲಿಗೇ ನಿಂತ್ಹೋಯ್ತು. ಕೂತಲ್ಲೇ, ಬೀಸೋಕಲ್ಲಿಗೆ ತಲೆ ಆನಿಸಿ, ನಿದ್ದೆ ಹೋಗಿಬಿಟ್ಟಿದ್ಲಂತೆ. ನಿದ್ದೆಮ್ಮ ಹತ್ತಿಗೆ ಕೈ ಹಾಕೋ ಮೊದ್ಲೇ!

ನಿದ್ದೆಮ್ಮ ನಗ್ಲಿಲ್ಲ. ಮೆತ್ತಗೆ ಬಗ್ಗಿ, ಅವಳ ಹೆಬ್ಬೆಟ್ಟಿನಿಂದ ಹಗ್ಗ ಬಿಚ್ಚಿ, ಕೈಲಿ ಹಿಡ್ಕೊಂಡು ಸುತ್ತ ನೋಡಿದ್ಲಂತೆ. ನಿದ್ದೆ ಕೊಡೋದು ನನ್ನ ಕೈಲಿದೆ, ಇವಳು ಮಲಗಿದ್ದಾಗ ಈ ಹಗ್ಗ ಹಿಡಿಯೋದು ನನ್ನ ಕೈಲಿಲ್ಲ, ಅದು ಮನೆಯವರ ಕಾಲಲ್ಲಿದೆ ಅಂದ್ಲಂತೆ. ಊರೆಲ್ಲ ತಲೆ ತಗ್ಗಿಸ್ತು. ಮೂಡ್ಲಗಿರಿ ಮುಂದೆ ಬಂದು ಕೂತು ಕಾಲು ಚಾಚಿದ. ಆ ಕಾಲಿಗೆ ನೋವಾದ್ರೆ ನಂದು ಇಲ್ಲಿದೆ ಅಂತ ಗಿರಿಯಮ್ಮನೂ ತನ್ನ ಕಾಲು ಚಾಚಿದ್ಲು. ಸಿದ್ದಿ ಬಾಯಿ ಮೇಲೆ ತಾನೇ ಕೈ ಇಟ್ಕೊಂಡು ಕೂತ್ಲು, ಅದು ಎಲ್ಲಕ್ಕಿಂತ ದೊಡ್ಡ ಕೆಲಸ. ಬೈರ ಅಮ್ಮನ ಸೆರಗಿನ ತುದಿ ಹಿಡ್ಕೊಂಡ, ಆದ್ರೆ ಎಳೀಲಿಲ್ಲ.

ಚೆನ್ನಾಜಿ ಎಷ್ಟು ಮಲಗಿದ್ಲೋ, ಲೆಕ್ಕ ಇಟ್ಟೋರಿಲ್ಲ. ಕೂಸಿಗೆ ಹಸಿವಾದಾಗ ಗಿರಿಯಮ್ಮ ತಂದು ಎದೆಗೆ ಹಚ್ಚೋಳಂತೆ, ಅದು ಕುಡಿದು ಬಾಯಿ ಬಿಡೋದಂತೆ, ಅವಳು ಕಣ್ಣು ತೆರೀತಿರಲಿಲ್ಲ. ಮೂಡ್ಲಗಿರಿ ಮಾಡಿದ ಮುದ್ದೆ ಗಂಟುಗಂಟಾಗಿತ್ತಂತೆ, ಮಕ್ಕಳು ಉಸಿರೆತ್ತದೆ ತಿಂದ್ರಂತೆ. ಕೊನೆಗೆ ಅವಳು ಎದ್ದಾಗ ಮನೆ ಗುಡಿಸಿರಲಿಲ್ಲ, ಪಾತ್ರೆ ಹಂಗೇ ಬಿದ್ದು ರಾಶಿಯಾಗಿತ್ತು. ಆದ್ರೆ ಮೂರೂ ಮಕ್ಕಳು ಮಲಗಿದ್ವು, ತೊಟ್ಟಿಲು ತೂಗ್ತಾ ಇತ್ತು, ಹಗ್ಗ ಗಂಡನ ಕಾಲಲ್ಲಿತ್ತು. ಚೆನ್ನಾಜಿ ಅದನ್ನ ನೋಡಿದ್ಲು, ಮಗ್ಗುಲು ಬದಲಾಯಿಸಿದ್ಲು, ಇನ್ನೂ ಒಂದು ಗಳಿಗೆ ಮಲಗಿದ್ಲಂತೆ. ಆವತ್ತಿಂದ ಆ ಮನೇಲಿ ಹಗ್ಗ ಒಂದೇ ಕಾಲಲ್ಲಿ ಉಳೀಲಿಲ್ಲ, ಸರದಿ ಮೇಲೆ ಸುತ್ತಾಡ್ತಿತ್ತು, ಎಲ್ಲರೂ ಚೆನ್ನಾಗಿದ್ರಂತೆ.

ಮಗಾ? ಹೂಂ ಅನ್ನೇ. ಓ, ಇವಳ ರೆಪ್ಪೆ ಮೇಲೆ ಹತ್ತಿ ಬಿತ್ತು.

ಏನೋ ಮಗನೇ, ಜಗಲಿಯಲ್ಲಿ ನೀನು ಮೊಬೈಲು ಆಗಲೇ ಆರಿಸಿದ್ದು ಕಂಡೆ. ಬಾಗಿಲ ಹಿಂದೆ ನಿಂತು ಕೇಳಿದ್ದು ಸಾಕು, ಒಳಗೆ ಬಾ. ನನ್ನ ಕಾಲು ಜೋಮು ಹಿಡೀತು ಕಣಪ್ಪ. ಮೆತ್ತಗೆ, ನಿನ್ನ ಹೆಂಡ್ತಿ ಎದ್ದಾಳು. ಹಾಂ, ಇಲ್ಲಿ ಕೂತು ಕಾಲು ಚಾಚು.

ಅವರ ತೊಟ್ಟಿಲು ಅಲ್ಲಿ ತೂಗ್ತು, ನಮ್ಮ ತೊಟ್ಟಿಲು ಇಲ್ಲಿ ತೂಗ್ತಿದೆ. ಕತೆ ಮಲಗ್ತು.