ಮರಕುಟಿಗ ಕಟ್ಟಿದ ಹಂದರ

ಮರಗೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದ ಮರಕುಟಿಗವೊಂದು ಹಿತ್ತಲಿನ ಹೀರೆಬಳ್ಳಿಗೆ ಮರದ ಹಂದರ ಕಟ್ಟಿಕೊಡಲು ಒಪ್ಪಿತು. ಪಟ್ಟಿಗಳನ್ನು ಸೀಳಿ ಜೋಡಿಸಿತು. ಒಂದು ಕಿಂಡಿ ಎಳ್ಳಷ್ಟು ಓರೆಯಾಗಿ ಕಂಡಿದ್ದರಿಂದ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿಂದ ಶುರುಮಾಡಿತು.

"ಆಚಾರ್ರೇ, ನೆಲದಲ್ಲಿ ಬಿದ್ದು ನನ್ನ ಎಲೆ ಕೊಳೆಯುತ್ತಿದೆ. ಸದ್ಯಕ್ಕೆ ಒಂದು ಪಟ್ಟಿ ನೆಟ್ಟರೂ ಸಾಕು," ಎಂದಿತು ಬಳ್ಳಿ.

"ತಾಳು ತಂಗಿ. ಅರೆಬರೆ ಕೆಲಸ ನನ್ನ ಕೊಕ್ಕಿಗೆ ಒಗ್ಗುವುದಿಲ್ಲ," ಎಂದ ಮರಕುಟಿಗ ಹಂದರದ ಅಂಚಿಗೆ ನವಿಲು ಕೆತ್ತಲು ಕೂತಿತು.

ನವಿಲಿನ ಕೊನೆಯ ಗರಿ ಮುಗಿಸಿ ತಿರುಗಿ ನೋಡಿದರೆ, ಬಳ್ಳಿ ಗೋಡೆಗೆ ಒರಗಿದ್ದ ಮಾವು ಕೀಳುವ ದೋಟಿಯನ್ನು ಹತ್ತಿ, ಹೂ ಬಿಟ್ಟು, ಎರಡು ಕಾಯನ್ನೂ ಇಳಿಬಿಟ್ಟಿತ್ತು.

"ಇಳಿದು ಬಾ, ಹಂದರ ಸಿದ್ಧವಾಗಿದೆ."

"ಸುತ್ತಿಕೊಂಡ ಕೈ ಬಿಚ್ಚಲು ಬರುವುದಿಲ್ಲ ಆಚಾರ್ರೇ. ಎಳೆದರೆ ಹರಿಯುತ್ತದೆ," ಎಂದಿತು ಬಳ್ಳಿ.

ಮರಕುಟಿಗ ದೋಟಿಯನ್ನು ಮೇಲಿಂದ ಕೆಳಗೆ ನೋಡಿತು. ಅದೊಂದು ಸೊಟ್ಟ ಬಿದಿರು, ತುದಿಗೆ ತುಕ್ಕು ಹಿಡಿದ ಕೊಕ್ಕೆ.

"ನಿನ್ನಲ್ಲಿ ಅಂಥದ್ದೇನಿದೆ?" ಎಂದು ಕೇಳಿತು.

"ಏನೂ ಇಲ್ಲ," ಎಂದಿತು ದೋಟಿ. "ಹಣ್ಣು ಕಿತ್ತವರು ಇಲ್ಲಿ ಒರಗಿಸಿ ಮರೆತರು. ಇವಳು ಕೈ ಚಾಚಿದ ದಿನ ನಾನು ಪಕ್ಕದಲ್ಲಿದ್ದೆ, ಅಷ್ಟೇ."